ಯಾವ ಅಫಿಯಾ?

"ಇಂಜಿನ್ನಿನ ಬ್ರೈನ್ ಬಾಕ್ಸ್ ಬದಲಾಯಿಸಿದ್ಮೇಲೆ ಸ್ಟಾರ್ಟೇ ಆಗ್ತಿಲ್ಲ ವೈರ್ ಮೇಡಂ! ನೀವೇ ಕಾಪಾಡ್ಬೇಕು!"

ಟ್ಯಾಕ್ಸಿ ತಳ್ಳಿಕೊಂಡು ಬಂದ ಅಂಪೊನ್ಸಾ ಬೆವರು ಒರೆಸಿಕೊಂಡ. ಸೆರ್ವಾಳ ಎದೆ ಎಂದಿನಂತೆ ಡವಗುಟ್ಟಿತು... ಆದರೆ ಮುಂದಿನ ಸೀಟಿನಲ್ಲಿ ಕಿತ್ತಳೆ ಹೀರುತ್ತಾ ಕೂತ ಚೆಲುವೆಯನ್ನು ಕಂಡದ್ದೇ ಮೈಯೆಲ್ಲ ಉರಿದುಹೋಯಿತು!

ಕುಮಾಸಿ ನಗರದ ಸುಆಮೆ ಬಡಾವಣೆಯ ಗ್ಯಾರೇಜುಗಳಲ್ಲಿ ವೈರಿಂಗ್ ಎಂದರೆ ಸೆರ್ವಾ. ಎರಡು ವರ್ಷದಿಂದ ಅವನ ಟ್ಯಾಕ್ಸಿ ಮುಟ್ಟಿದವಳು ಅವಳೊಬ್ಬಳೇ. ಈ ಸಲ ಬೇರೆ ಯಾರಿಂದಲೋ ಬಾಕ್ಸ್ ಹಾಕಿಸಿದ್ದಾನೆ. ಸಾಲದ್ದಕ್ಕೆ ಇವಳು ಬೇರೆ!

"ಅಫಿಯಾ, ಇಳಿಯೇ. ಮೇಡಂ ನೋಡ್ಲಿ."

ಹಿಂದಿನ ಗಾಜಿನ ಮೇಲೆ ಹೊಸ ಅಕ್ಷರಗಳು: 'ಅಫಿಯಾ ಒಬ್ಬಳೇ'.

ಓಹೋ... ಇಲ್ಲಿಗೆ ಬಂತೋ ವಿಷಯ!

"ಶನಿವಾರದೊಳಗೆ ಆಗ್ಬೇಕು ಮೇಡಂ. ಹೆಣ್ಣು ಕೇಳೋಕೆ ಅವರ ಮನೆ ಬಾಗಿಲು ತಟ್ಟೋ ಶಾಸ್ತ್ರ. ಹೆಣ್ಣಿನ ಕಡೆಯವರಿಗೆ ಕೊಡೋಕೆ ಚಿಕ್ಕಪ್ಪಂದಿರು ಜಿನ್ ಬಾಟ್ಲಿನೂ ತಂದಿಟ್ಟಿದ್ದಾರೆ."

ಸೆರ್ವಾ ಕೀ ತಿರುಗಿಸಿದಳು. ಬ್ಯಾಟರಿ ಗಟ್ಟಿಯಾಗಿತ್ತು, ಪೆಟ್ರೋಲೂ ಬರುತ್ತಿತ್ತು. ಇಂಜಿನ್ ಹೊತ್ತಿಕೊಂಡು ಎರಡೇ ಸೆಕೆಂಡಿಗೆ ಸತ್ತುಹೋಯಿತು. ಎದುರಿಗೆ ಕೀ ಚಿತ್ರದ ಕೆಂಪು ದೀಪ ಮಿಟುಕುತ್ತಿತ್ತು.

"ಈ ಬಾಕ್ಸಿಗೆ ನಿಮ್ಮ ಕೀ ಗುರುತಿಲ್ಲ. ಕಳ್ಳ ಅಂದ್ಕೊಂಡು ಇಂಜಿನ್ ನಿಲ್ಲಿಸ್ತಿದೆ."

"ಸರಿ ಹೋಗುತ್ತಾ?"

ಒಂದು ಗಂಟೆಯ ಕೆಲಸ. ಆದರೆ ಅವನನ್ನು ಬೇರೊಬ್ಬಳ ಬಾಗಿಲಿಗೆ ತಾನೇ ಕಳಿಸಬೇಕೆ? ಅಷ್ಟು ದೊಡ್ಡ ಮನಸ್ಸು ಅವಳಿಗಿರಲಿಲ್ಲ.

"ಒಂದು ವಾರ ಬೇಕು," ಎಂದಳು, ಅವನ ಮುಖ ನೋಡದೆ.

"ಅಯ್ಯೋ! ಟ್ರೋಟ್ರೋ ವ್ಯಾನ್ ಹತ್ತಿ ಹೆಣ್ಣು ಕೇಳೋಕೆ ಹೋಗೋದಾ, ಅಣ್ಣಾ?" ಆ ಚೆಲುವೆ ಕಿಸಕ್ಕನೆ ನಕ್ಕಳು.

ಅಣ್ಣಾ?!

"ಇವಳು... ನಿಮ್ಮ ತಂಗೀನಾ? ಮತ್ತೆ ಗಾಜಿನ ಮೇಲಿರೋದು ಯಾವ ಅಫಿಯಾ?"

ಅಂಪೊನ್ಸಾ ತಲೆ ಕೆರೆದುಕೊಂಡ. "ಶುಕ್ರವಾರ ಹುಟ್ಟಿದ ಹೆಣ್ಣೆಲ್ಲ ಅಫಿಯಾನೇ ಅಲ್ವಾ? ಊರಿಗೆಲ್ಲ ಇವಳೊಬ್ಬಳೇನಾ? ನಿಮ್ಮಮ್ಮನ ಕೆಂಕಿ ಕಡುಬಿನ ಅಂಗಡಿಗೆ ಹೋಗಿದ್ದೆ. 'ನಮ್ಮ ಅಫಿಯಾ ಹಟಮಾರಿ ಕಣಪ್ಪ, ಆದ್ರೂ ಬಾ' ಅಂದ್ರು."

ಸೆರ್ವಾಳ ಕೈಯಲ್ಲಿದ್ದ ಟೆಸ್ಟರ್ ಜಾರಿ ಬಿತ್ತು. ಅವಳನ್ನು ಮನೆಯಲ್ಲಿ ಅಮ್ಮ ಮಾತ್ರ ಕರೆಯುವ ಹೆಸರದು! ಗ್ಯಾರೇಜಿನಲ್ಲಿ ಯಾರಿಗೂ ಗೊತ್ತಿಲ್ಲ.

"ಗಾಜಿನ ಮೇಲಿನ ಬರಹ ನೀವು ಮೊದ್ಲೇ ನೋಡ್ಬಾರ್ದು ಅಂತ ಬಾಕ್ಸ್ ಹಾಕ್ಸೋಕೆ ಬೇರೆ ಕಡೆ ಹೋದೆ. ಆ ಮೆಕ್ಯಾನಿಕ್ ಹೀಗೆ ಮಾಡ್ದ."

"ನನ್ನನ್ನೇ ಕೇಳ್ದೆ ನನ್ನ ಮನೆ ಬಾಗಿಲು ತಟ್ತೀರಾ?" ಅವಳ ಕಣ್ಣು ತುಂಬಿಬಂತು.

"ಕೇಳೋಕೆ ಅಂತಾನೇ ಎಷ್ಟು ಸಲ ಸರಿಯಿದ್ದ ಗಾಡಿನ ರಿಪೇರಿಗೆ ತಂದಿದೀನಿ! ನಿಮ್ಮನ್ನ ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ... ಈಗ ಕೇಳ್ತೀನಿ. ನಾನಂದ್ರೆ ಇಷ್ಟಾನಾ?"

ಅವಳು ಮೂಗೊರೆಸಿಕೊಂಡಳು. "ಹಳೇ ಬಾಕ್ಸ್ ಎಲ್ಲಿ?"

"ಡಿಕ್ಕೀಲಿದೆ."

"ತಾ. ಅದ್ರಲ್ಲಿರೋ ಕೀ ಗುರುತನ್ನ ಇದಕ್ಕೆ ಹಾಕ್ತೀನಿ. ಒಂದು ಗಂಟೆ ಸಾಕು."

"ವಾರ ಅಂದ್ರಲ್ಲ!"

"ಸುಳ್ಳು ಹೇಳ್ದೆ. ಹೊಟ್ಟೆ ಉರೀತಿತ್ತು ಕಣೋ!"

ಅವನು ನಗುತ್ತಾ ಹತ್ತಿರ ಬಂದ. "ಹಾಗಾದ್ರೆ ಶನಿವಾರ ಬಾಗಿಲು ತೆಗೀತೀಯಾ?"

"ಬೇಗ ಬಾ. ತಡ ಮಾಡಿದ್ಯೋ, ನಾನೇ ಬಂದು ನಿಮ್ಮನೆ ಬಾಗಿಲು ತಟ್ತೀನಿ!"