ಕಾದಂಬರಿಗಾರ್ತಿ ಬರೆಯದ ವಿದಾಯ

ಬುಧವಾರ ಬೆಳಗ್ಗೆ ಎಂಟೂವರೆಗೆ ನಮ್ಮ ಮನೆಯ ಕರೆಗಂಟೆಯ ಮೇಲೆ ಬೆರಳಿಟ್ಟವರು ತೆಗೆಯಲೇ ಇಲ್ಲ. ಬಾಗಿಲು ತೆರೆದರೆ ಮೂರನೇ ಮಹಡಿಯ ಕಾದಂಬರಿಗಾರ್ತಿ. ಕೈಯಲ್ಲಿ ಆ ದಿನದ ಪತ್ರಿಕೆ, ಒಂದು ಕಾಲಿಗೆ ಮಾತ್ರ ಚಪ್ಪಲಿ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬಂದಿದ್ದರು. ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಅತ್ತಿಗೆಯ ಮುಂದೆ ಪತ್ರಿಕೆ ಹರಡಿದರು.

"ನೋಡಿ, ನಾನು ಬರೆಯೋದು ನಿಲ್ಲಿಸಿದೀನಂತೆ. ನನಗೇ ಗೊತ್ತಿಲ್ಲ."

ಅತ್ತಿಗೆ ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಬರೆದು ನಿವೃತ್ತರಾದವರು. ತಪ್ಪು ಕಪಾಟಿನಲ್ಲಿ ಕೂತ ಪುಸ್ತಕವನ್ನು ಹುಡುಕುವ ಅಭ್ಯಾಸ ಹೋಗದೆ, ನಮ್ಮ ಕಟ್ಟಡದ ಕಳುವು, ಹೆಸರಿಲ್ಲದ ಪತ್ರ, ಮಾಯವಾದ ಬೆಕ್ಕು ಎಲ್ಲವನ್ನೂ ಅವರೇ ಪತ್ತೆ ಮಾಡುತ್ತಿದ್ದರು. ನನ್ನ ಅಣ್ಣನಿಗೆ ಚದುರಂಗದ ಮಣೆ ಬಿಟ್ಟರೆ ಬೇರೆ ಲೋಕವಿಲ್ಲ. ಹೀಗಾಗಿ ಅವರ ಜೊತೆ ಓಡಾಡುವ ಕೆಲಸ ಮೈದುನನಾದ ನನ್ನ ಪಾಲಿಗೆ ಬಂದಿತ್ತು. ನಾನು ನಲವತ್ತು ವರ್ಷದಿಂದ ಅಚ್ಚಿನ ಕರಡು ತಿದ್ದುವವನು. ತಪ್ಪು ಅಕ್ಷರ ನನ್ನ ಕಣ್ಣು ತಪ್ಪಿಸಿ ಹೋಗಲಾರದು ಎಂದು ಆ ವಾರದವರೆಗೂ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಪತ್ರಿಕೆಯವರು ಸುಳ್ಳು ಬರೆದಿರಲಿಲ್ಲ. ಸುದ್ದಿ ಅವರಿಗೆ ಸಿಕ್ಕಿದ್ದು ಕಾದಂಬರಿಗಾರ್ತಿಯ ಸ್ವಂತ ಜಾಲತಾಣದಿಂದ. ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಅವರು ಹಲ್ಲಿನ ವೈದ್ಯರ ಮುಂದೆ ಬಾಯಿ ತೆರೆದು ಮಲಗಿದ್ದಾಗ, ಮುಖಪುಟದ ಮೇಲೆ ಅವರದೇ ಹೆಸರಿನಲ್ಲಿ ಈ ಸಾಲುಗಳು ಕಾಣಿಸಿಕೊಂಡಿದ್ದವು: "ಪ್ರಿಯ ಓದುಗರೇ, ಇಪ್ಪತ್ತೆರಡು ಪುಸ್ತಕಗಳ ಈ ಪಯಣ ಇಂದಿಗೆ ಮುಗಿಯಿತು. ನನ್ನ ಬರವಣಿಗೆಗೆ ನಾನೇ ಪೂರ್ಣವಿರಾಮ ಇಡುತ್ತಿದ್ದೇನೆ. ಹೊಸ ಕಾದಂಬರಿ ಬರುವುದಿಲ್ಲ. ನಿಮ್ಮ ಪ್ರೀತಿಗೆ ವಂದನೆಗಳು."

ನಾನು ಅದನ್ನು ಮೂರು ಸಲ ಓದಿದೆ. ಒಂದಕ್ಷರ ಹೆಚ್ಚುಕಮ್ಮಿ ಇರಲಿಲ್ಲ. ಶುದ್ಧವಾದ ಬರಹ ಎಂದು ಹೇಳಿದ್ದಕ್ಕೆ ಕಾದಂಬರಿಗಾರ್ತಿ ನನ್ನನ್ನು ನುಂಗುವ ಹಾಗೆ ನೋಡಿದರು.

ಅವರ ಸಿಟ್ಟಿಗೆ ಕಾರಣವಿತ್ತು. ಅರವತ್ತೆಂಟರ ವಯಸ್ಸಿನಲ್ಲಿ ಅವರು ಇಪ್ಪತ್ಮೂರನೆಯ ಕಾದಂಬರಿಗೆ ಕೈ ಹಾಕಿದ್ದರು. ಅದನ್ನು ಪ್ರಕಾಶಕರಿಗೆ ಕೊಡದೆ, ವಾರಕ್ಕೊಂದು ಅಧ್ಯಾಯದಂತೆ ತಮ್ಮ ಜಾಲತಾಣದಲ್ಲೇ ಓದುಗರ ಮುಂದಿಡಲು ಹೊರಟಿದ್ದರು. ಅದಕ್ಕಾಗಿಯೇ ಎರಡು ತಿಂಗಳು ಕೂತು ಜಾಲತಾಣವನ್ನು ಹೊಸದಾಗಿ ಕಟ್ಟಿಸಿದ್ದರು. ಹಳೆಯದರಲ್ಲಿ ಮೂವತ್ತು ವರ್ಷದ ಹಿಂದಿನ ಫೋಟೋ ಇತ್ತು, ಮಿಣಮಿಣ ಮಿನುಗುವ ಸ್ವಾಗತವಿತ್ತು, ಎಡದಿಂದ ಬಲಕ್ಕೆ ಓಡುವ ಪ್ರಶಸ್ತಿಗಳ ಸಾಲಿತ್ತು. ಅದನ್ನು ನೋಡಿದವರು ಓದುವ ಬದಲು ಕಣ್ಣುಜ್ಜಿಕೊಳ್ಳುತ್ತಿದ್ದರು. ಹೊಸದರಲ್ಲಿ ತೆರೆದ ಕೂಡಲೇ ಕತೆಯ ಮೊದಲ ಸಾಲು ಬರಬೇಕು, ಅಕ್ಷರ ದಪ್ಪಗಿರಬೇಕು, ಓದುಗರ ಪತ್ರಕ್ಕೆ ತಾವು ಬರೆದ ಉತ್ತರ ಪಕ್ಕದಲ್ಲೇ ಇರಬೇಕು ಎಂದು ಹಟ ಹಿಡಿದು ಮಾಡಿಸಿದ್ದರು. ಮೊದಲ ಅಧ್ಯಾಯ ಶುಕ್ರವಾರ ಹನ್ನೊಂದಕ್ಕೆ ಬರಬೇಕಿತ್ತು.

"ಆ ಸುಳ್ಳನ್ನ ಈಗಲೇ ಅಳಿಸಿಹಾಕಬಹುದಲ್ಲ," ಎಂದೆ.

"ಅಳಿಸಲ್ಲ," ಎಂದರು. "ಬರೆದವರೇ ಬಂದು ತಮ್ಮ ಕೈಯಾರೆ ಅಳಿಸಬೇಕು. ಒಳಗೆ ಹೋಗೋ ಪಾಸ್‌ವರ್ಡ್ ನನ್ನ ಬಿಟ್ರೆ ಮೂರೇ ಜನಕ್ಕೆ ಗೊತ್ತು. ಮೂವರೂ ನನ್ನವರು. ಮೂವರ ಮೇಲೂ ಅನುಮಾನ ಇಟ್ಕೊಂಡು ನಾನು ಒಂದಕ್ಷರ ಬರೆಯೋಕಾಗಲ್ಲ. ಇವತ್ತು ಬೆಳಗ್ಗೆಯಿಂದ ಬರೆದೂ ಇಲ್ಲ."

ಕೊನೆಯ ಮಾತು ಹೇಳುವಾಗ ಅವರ ದನಿ ಕುಗ್ಗಿತು. ನಲವತ್ತು ವರ್ಷದಲ್ಲಿ ಜ್ವರ ಬಂದಾಗಲೂ ಬರೆಯುವುದು ಬಿಟ್ಟವರಲ್ಲ ಅವರು.

ಪಾಸ್‌ವರ್ಡ್ ಗೊತ್ತಿದ್ದವರಲ್ಲಿ ಮೊದಲನೆಯವಳು ಜಾಲತಾಣ ಕಟ್ಟಿದ ವಿನ್ಯಾಸಕಿ. ಪುಟಗಳ ತಲೆಬರಹ, ಗುಂಡಿಗಳ ಮೇಲಿನ ಮಾತು ಎಲ್ಲ ಅವಳೇ ಟೈಪು ಮಾಡಿದ್ದು. ಎರಡನೆಯವರು ಪ್ರಕಾಶಕರು. ಪುಸ್ತಕಗಳ ಪುಟದಲ್ಲಿ ಮುಖಚಿತ್ರ, ಪರಿಚಯದ ಮಾತು ಹಾಕಿದವರು ಅವರು. ಮೂರನೆಯವರು ಕಾದಂಬರಿಗಾರ್ತಿಯ ಸ್ವಂತ ತಮ್ಮ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಅಕ್ಕನ ಜೀವನದ ವಿವರ ಒಂದೂ ಬಿಡದೆ ಬರೆದು 'ಪರಿಚಯ' ಪುಟ ತುಂಬಿಸಿದ್ದರು. ಎಲ್ಲರೂ ಒಳಗೆ ಹೋಗುತ್ತಿದ್ದದ್ದು ಕಾದಂಬರಿಗಾರ್ತಿಯ ಹೆಸರಿನಲ್ಲೇ. ಆದ್ದರಿಂದ ದಾಖಲೆಯಲ್ಲಿ ಗಂಟೆ ಗೊತ್ತಾಗುತ್ತಿತ್ತೇ ಹೊರತು ಕೈ ಯಾರದೆಂದು ಗೊತ್ತಾಗುತ್ತಿರಲಿಲ್ಲ.

ಅಂದೇ ಮೂವರನ್ನೂ ನೋಡಿ ಬಂದೆವು. ವಿನ್ಯಾಸಕಿ ಮುಖ ದಪ್ಪ ಮಾಡಿಕೊಂಡೇ ಮಾತಾಡಿದಳು. ಅವಳು ಬಯಸಿದ ಬಣ್ಣವೆಲ್ಲ ಕಾದಂಬರಿಗಾರ್ತಿಗೆ ಬೇಡವಾಗಿತ್ತು, ಪಟ್ಟು ಬಿಡದೆ ಇಟ್ಟಿದ್ದು 'ಹುಡುಕು' ಎಂಬ ಪೆಟ್ಟಿಗೆಯೊಂದನ್ನೇ. ಯಾವ ಪದ ಕೊಟ್ಟರೂ ಅದಿರುವ ಪುಟಗಳನ್ನೆಲ್ಲ ಅದು ತೋರಿಸಬೇಕು. ಆದರೆ ಕಾದಂಬರಿಗಾರ್ತಿ 'ಕುಂಟು ಮೇಜು' ಎಂಬ ತಮ್ಮ ಇತ್ತೀಚಿನ ಕಾದಂಬರಿಯ ಹೆಸರು ಕೊಟ್ಟಾಗ ಪುಸ್ತಕಗಳ ಪುಟ ಬಂತು, ಓದುಗರ ಪತ್ರಗಳು ಬಂದವು, ಪರಿಚಯದ ಪುಟ ಮಾತ್ರ ಬರಲಿಲ್ಲ. ಆ ಹೆಸರು ಅಲ್ಲಿ ಮೂರನೇ ಸಾಲಿನಲ್ಲೇ ಕಣ್ಣಿಗೆ ಹೊಡೆಯುವಂತಿತ್ತು. ನಿನ್ನ ಪೆಟ್ಟಿಗೆಗೆ ಒಂದು ಕಣ್ಣು ಕುರುಡು ಎಂದು ಬೈಸಿಕೊಂಡಿದ್ದಳಂತೆ. ತನ್ನ ಕೆಲಸದಲ್ಲಿ ತಪ್ಪಿಲ್ಲ, ಬೇಕಾದರೆ ಯಾರನ್ನಾದರೂ ಕರೆಸಿ ತೋರಿಸಿ ಎಂದು ಅತ್ತಿಗೆಯ ಮುಂದೆ ಮತ್ತೆ ಮತ್ತೆ ಹೇಳಿದಳು. ಯಂತ್ರಗಳ ಹಣೆಬರಹವೇ ಇಷ್ಟು ಎಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರಕಾಶಕರ ಕಚೇರಿಗೆ ಕಾಲಿಟ್ಟಾಗ ಕಳ್ಳ ಸಿಕ್ಕಿದನೆಂದೇ ನನಗೆ ಅನ್ನಿಸಿತು. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಏರಿದ್ದವು. ಪ್ರತಿಯೊಂದರ ಮೇಲೂ ಚಿನ್ನದ ಬಣ್ಣದಲ್ಲಿ 'ಸಮಗ್ರ ಕಾದಂಬರಿಗಳು' ಎಂದು ಅಚ್ಚಾಗಿತ್ತು. ಇಪ್ಪತ್ತೆರಡು ಪುಸ್ತಕಗಳನ್ನೂ ಸೇರಿಸಿ ಒಂದು ಪೆಟ್ಟಿಗೆಯಾಗಿ ತರುವುದು ಅವರ ಬಹುದಿನದ ಆಸೆ. ಅದಕ್ಕೆ ಮೇಷ್ಟ್ರು ಬರೆದ ನೂರಿಪ್ಪತ್ತು ಪುಟದ ಮುನ್ನುಡಿಯ ಕರಡು ನನ್ನ ಮೇಜಿನ ಮೇಲೆಯೇ ಇತ್ತು. 'ಕುಂಟು ಮೇಜು' ಹೇಗೆ ಲೇಖಕಿಯ ಕಟ್ಟಕಡೆಯ ಮಾತು, ಹಿಂದಿನದೆಲ್ಲ ಹೇಗೆ ಅಲ್ಲಿಗೇ ಬಂದು ಸೇರುತ್ತದೆ ಎಂದು ಅದರಲ್ಲಿ ವಿವರಿಸಿದ್ದರು. ಅರ್ಧ ತಿದ್ದುವಷ್ಟರಲ್ಲಿ ನನಗೆ ಆಕಳಿಕೆ ಬಂದು ಪಕ್ಕಕ್ಕಿಟ್ಟಿದ್ದೆ. ಇಪ್ಪತ್ಮೂರನೆಯದು ಬಂದರೆ ನಿಮ್ಮ ಸಮಗ್ರ ಏನಾಗುತ್ತದೆ ಎಂದು ಅತ್ತಿಗೆ ಕೇಳಿದರು. ಪ್ರಕಾಶಕರು ತಲೆ ತುರಿಸಿಕೊಂಡು, ಈ ವಯಸ್ಸಿನಲ್ಲಿ ಅವರು ಮತ್ತೆ ಬರೆಯುತ್ತಾರೆಂದು ಯಾರಿಗೆ ಗೊತ್ತಿತ್ತು ಎಂದರು.

ಮೇಷ್ಟ್ರ ಮನೆಯಲ್ಲಿ ಬರೀ ಪುಸ್ತಕ ಮತ್ತು ಧೂಳು. ಅಕ್ಕನ ಬಗ್ಗೆ ಕೇಳಿದರೆ ಕಣ್ಣು ತುಂಬಿಕೊಂಡು, ಪಾಪ ಅವಳಿಗೆ ವಿಶ್ರಾಂತಿ ಬೇಕಿತ್ತು, ಯಾರು ಬರೆದರೋ ಏನೋ ಒಳ್ಳೆಯದನ್ನೇ ಬಯಸಿರಬೇಕು ಎಂದರು. ತಮ್ಮನೆಂದರೆ ಹೀಗಿರಬೇಕು ಎಂದು ದಾರಿಯುದ್ದಕ್ಕೂ ನಾನು ಹೊಗಳಿದೆ.

ಇಷ್ಟರಲ್ಲಿ ಕಾದಂಬರಿಗಾರ್ತಿಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಓದುಗರು ಅಳುತ್ತಿದ್ದರು. ಒಂದು ಸಂಘದವರು ವಿದಾಯ ಸನ್ಮಾನಕ್ಕೆ ದಿನ ಕೇಳಿದರು. ನಾನಿನ್ನೂ ಕೆಲಸದಲ್ಲಿದ್ದೇನೆ, ಶಾಲನ್ನು ನೀವೇ ಹೊದ್ದುಕೊಳ್ಳಿ ಎಂದು ಹೇಳಿ ಅವರು ಫೋನಿಟ್ಟರು.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತಿಗೆ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಜಾಲತಾಣದ ಹುಡುಕು ಪೆಟ್ಟಿಗೆಯಲ್ಲಿ 'ಕಾದಂಬರಿ' ಎಂದು ಬರೆಯಲು ಹೇಳಿದರು. ಹತ್ತಾರು ಪುಟಗಳು ಬಂದವು. ಆಮೇಲೆ 'ವಂದನೆ' ಎಂದು ಬರೆಸಿದರು. ಕೊನೆಗೆ 'ಪೂರ್ಣವಿರಾಮ' ಎಂದು ಬರೆಸಿದರು. ಬಂದ ಪುಟಗಳ ಹೆಸರನ್ನು ಹಳೆಯ ರೂಢಿಯಂತೆ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರು.

"ನೀನು ಆ ವಿದಾಯವನ್ನ ಮೂರು ಸಲ ಓದಿ ತಪ್ಪಿಲ್ಲ ಅಂದೆ ಅಲ್ವಾ?"

"ಇದ್ರೆ ತಾನೇ ಅತ್ತಿಗೆ?"

"ಐದು ಸಾಲಲ್ಲಿ ಮೂರು ತಪ್ಪಿದೆಯಪ್ಪ," ಎಂದು ನಕ್ಕು, ನಾಳೆ ಹತ್ತು ಗಂಟೆಗೆ ಎಲ್ಲರನ್ನೂ ಮೇಲಿನ ಮನೆಗೆ ಕರೆಯುವಂತೆ ಹೇಳಿದರು. ನಾನು ಆ ಬರಹವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಹಿಂದಿನಿಂದ ಮುಂದಕ್ಕೂ ಓದಿದೆ. ಒಂದು ತಪ್ಪೂ ಸಿಗಲಿಲ್ಲ.

ಶುಕ್ರವಾರ ಕಾದಂಬರಿಗಾರ್ತಿ ಬರೆಯುವ ಕೋಣೆಯಲ್ಲಿ ಎಲ್ಲರೂ ಕೂತೆವು. ಕಿಟಕಿಯ ಪಕ್ಕ ಅವರ ಮೇಜು, ಮೇಜಿನ ಮೇಲೆ ಕಂಪ್ಯೂಟರು. ಅತ್ತಿಗೆ ಮೂವರಿಗೂ ಒಂದೇ ಕೆಲಸ ಕೊಟ್ಟರು. ತಾವು ಹೇಳುವ ಸಾಲನ್ನು ಒಬ್ಬೊಬ್ಬರಾಗಿ, ತಮ್ಮದೇ ಫೋನಿನಲ್ಲಿ, ವಿನ್ಯಾಸಕಿ ಮಾಡಿಟ್ಟ ಬೇರೆ ಬೇರೆ ಪುಟಗಳಲ್ಲಿ ಬರೆಯಬೇಕು. ಸಾಲು ಇದು: "ಸಂಜೆ ಅಂಗಡಿಯ ಮುಂದೆ ನಿಂತು ಬಂದೆ."

ವಿನ್ಯಾಸಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದಳು. ಪ್ರಕಾಶಕರು ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಬೆವರೊರೆಸಿಕೊಂಡರು. ಮೇಷ್ಟ್ರು ನಿಧಾನವಾಗಿ, ಅಚ್ಚುಕಟ್ಟಾಗಿ ಬರೆದರು. ಪರದೆಯ ಮೇಲೆ ಮೂರು ಸಾಲೂ ಒಂದೇ ತೆರನಾಗಿ ಕಂಡವು. ಅತ್ತಿಗೆ ಹುಡುಕು ಪೆಟ್ಟಿಗೆಯಲ್ಲಿ 'ಅಂಗಡಿ' ಎಂದು ಬರೆದರು. ವಿನ್ಯಾಸಕಿಯ ಪುಟ ಬಂತು. ಪ್ರಕಾಶಕರ ಪುಟ ಬಂತು. ಮೂರನೆಯದು ಬರಲಿಲ್ಲ.

ಕಾದಂಬರಿಗಾರ್ತಿ ತಮ್ಮನ ಕಡೆ ತಿರುಗಿದರು. ಮೇಷ್ಟ್ರು ನೆಲ ನೋಡುತ್ತಿದ್ದರು.

ಅತ್ತಿಗೆ ಬಿಡಿಸಿ ಹೇಳಿದರು. ಅಕ್ಷರದ ಮುಂದೆ ಇಡುವ ಸೊನ್ನೆ ಬೇರೆ, ಲೆಕ್ಕದ ಸೊನ್ನೆ ಬೇರೆ. ನಮ್ಮ ಲಿಪಿಯಲ್ಲಿ ಎರಡೂ ನೋಡಲು ಒಂದೇ ದುಂಡು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ. ಲೆಕ್ಕದ ಸೊನ್ನೆ ಹಾಕಿ 'ಅಂಗಡಿ' ಎಂದು ಬರೆದರೆ ಯಂತ್ರದ ಪಾಲಿಗೆ ಅದು ಅಂಗಡಿಯೇ ಅಲ್ಲ. ಹುಡುಕು ಪೆಟ್ಟಿಗೆ ಕುರುಡಾಗಿರಲಿಲ್ಲ. ಪರಿಚಯದ ಪುಟ ಬರೆದವರು ಉದ್ದಕ್ಕೂ ಲೆಕ್ಕದ ಸೊನ್ನೆಯನ್ನೇ ಒತ್ತಿದ್ದರು, ಅದಕ್ಕೇ 'ಕುಂಟು' ಅಲ್ಲಿ ಸಿಗಲಿಲ್ಲ. ವಿದಾಯದ ಬರಹವೂ ಹಾಗೆಯೇ. 'ಕಾದಂಬರಿ', 'ವಂದನೆ' ಎಂದು ಹುಡುಕಿದರೆ ಅದು ಅಡಗಿಕೊಳ್ಳುತ್ತಿತ್ತು, ಸೊನ್ನೆಯಿಲ್ಲದ 'ಪೂರ್ಣವಿರಾಮ' ಎಂದು ಹುಡುಕಿದರೆ ಮುಂದೆ ಬರುತ್ತಿತ್ತು. ಇಡೀ ಜಾಲತಾಣದಲ್ಲಿ ಹೀಗೆ ಅಡಗುವ ಪುಟಗಳು ಎರಡೇ. ಒಂದನ್ನು ಬರೆದವರು ಮೇಷ್ಟ್ರು ಎಂದು ಎಲ್ಲರಿಗೂ ಗೊತ್ತಿತ್ತು.

ನಲವತ್ತು ವರ್ಷದ ನನ್ನ ಕಣ್ಣಿನ ಜಂಬ ಅಲ್ಲಿಗೆ ಇಳಿಯಿತು. ಆದರೂ ಸುಮ್ಮನಿರಲಾರದೆ, ಪೆಟ್ಟಿಗೆಗಳನ್ನು ಅಚ್ಚು ಹಾಕಿಸಿದವರು ಪ್ರಕಾಶಕರಲ್ಲವೇ, ಮೇಷ್ಟ್ರಿಗೆ ಇದರಿಂದ ಏನು ಎಂದು ಕೇಳಿದೆ.

"ಪೆಟ್ಟಿಗೆ ಮೇಲಿನ ಹೆಸರನ್ನ ಬದಲಾಯಿಸಬಹುದು," ಎಂದರು ಅತ್ತಿಗೆ. "ನೂರಿಪ್ಪತ್ತು ಪುಟದ ಮುನ್ನುಡಿಯನ್ನ ಬದಲಾಯಿಸೋಕಾಗಲ್ಲ. 'ಕುಂಟು ಮೇಜು' ಕೊನೆಯದು ಅನ್ನೋದರ ಮೇಲೇ ಅದೆಲ್ಲ ನಿಂತಿದೆ. ನೀನು ಆಕಳಿಸಿ ಪಕ್ಕಕ್ಕಿಟ್ಟೆ, ನಾನು ಪೂರ್ತಿ ಓದಿದೆ. ಕೊನೇ ಪುಟದಲ್ಲಿ ಏನಿದೆ ಗೊತ್ತಾ? 'ಲೇಖಕಿ ತಮ್ಮ ಬರವಣಿಗೆಗೆ ತಾವೇ ಪೂರ್ಣವಿರಾಮ ಇಟ್ಟಿದ್ದಾರೆ.'"

ಪ್ರಕಾಶಕರು ಕನ್ನಡಕ ತೆಗೆದು ಒರೆಸಿದರು. ಮೇಷ್ಟ್ರೇ ಬಾಯಿ ಬಿಟ್ಟರು.

"ನಾಲ್ಕು ವರ್ಷ ಕೂತು ಬರೆದೆ ಅಕ್ಕ. ಹೋದಲ್ಲೆಲ್ಲ ನಾನು ನಿನ್ನ ತಮ್ಮ ಅಷ್ಟೇ. ಆ ಮುನ್ನುಡಿ ಒಂದರಲ್ಲಿ ನಾನು ನಾನಾಗಿದ್ದೆ. ನೀನು ಇನ್ನೊಂದು ಬರೆದ್ರೆ ಅದು ಮೊದಲಿಂದ ಕೊನೆವರೆಗೂ ಸುಳ್ಳಾಗುತ್ತೆ."

"ಸುಳ್ಳಾಗಲಿ," ಎಂದರು ಅಕ್ಕ. "ಇನ್ನೊಂದ್ಸಲ ಬರಿ. ನಾನು ಇಪ್ಪತ್ತೆರಡು ಸಲ ಮೊದಲಿಂದ ಬರೆದಿಲ್ವಾ? ನಿನ್ನ ಪುಸ್ತಕ ಮುಗೀಲಿ ಅಂತ ನನ್ನ ಮುಗಿಸ್ತೀಯೇನೋ?"

ಮೇಷ್ಟ್ರು ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ. ಕಾದಂಬರಿಗಾರ್ತಿ ಕುರ್ಚಿ ಸರಿಸಿ ಕೊಟ್ಟು, ಕೂತು ಅಳಿಸು ಎಂದರು. ಅವರು ಕೂತು ತಮ್ಮ ಐದು ಸಾಲನ್ನೂ ತಾವೇ ಅಳಿಸಿದರು. ಎದ್ದು ಬಾಗಿಲ ಕಡೆ ಹೊರಟಾಗ ಅಕ್ಕ ತಡೆದು, ಪರಿಚಯದ ಪುಟದ ಸೊನ್ನೆಗಳನ್ನೆಲ್ಲ ತಿದ್ದಿಕೊಡದೆ ಈ ಮನೆಗೆ ಕಾಲಿಡಬೇಡ ಎಂದರು. ತಿದ್ದಿದ ಮೇಲೆ ಬರಬಹುದು ಎಂದು ಅದಕ್ಕೆ ಅರ್ಥ. ಮೇಷ್ಟ್ರಿಗೆ ಅದು ತಿಳಿಯಿತು.

ಅಳಿಸಿದ ಜಾಗದಲ್ಲಿ ಕಾದಂಬರಿಗಾರ್ತಿ ಬರೆದರು: "ಮೊನ್ನೆ ಇಲ್ಲಿದ್ದ ವಿದಾಯ ನನ್ನದಲ್ಲ. ನಾನು ಇದ್ದೇನೆ, ಬರೆಯುತ್ತಿದ್ದೇನೆ. ಮೊದಲ ಅಧ್ಯಾಯ ಕೆಳಗಿದೆ." ಹನ್ನೊಂದು ಹೊಡೆಯಲು ನಾಲ್ಕು ನಿಮಿಷವಿತ್ತು. ಕಾಯುವಷ್ಟು ತಾಳ್ಮೆ ಅವರಿಗಿರಲಿಲ್ಲ, ಗುಂಡಿ ಒತ್ತಿಯೇಬಿಟ್ಟರು. ಎರಡನೇ ನಿಮಿಷಕ್ಕೆ ಮೊದಲ ಓದುಗರ ಪತ್ರ ಬಂತು. ವಿನ್ಯಾಸಕಿ ಅದನ್ನು ಗಟ್ಟಿಯಾಗಿ ಓದಲು ಹೊರಟರೆ ಆಮೇಲೆ ಎಂದು ಕೈಸನ್ನೆ ಮಾಡಿದರು.

ಪ್ರಕಾಶಕರು ಮೆಲ್ಲಗೆ ತಮ್ಮ ಪೆಟ್ಟಿಗೆಗಳ ವಿಚಾರ ಎತ್ತಿದರು. ಅಷ್ಟೂ ಅಚ್ಚಾಗಿ ಕೂತಿವೆ, 'ಸಮಗ್ರ' ಎಂಬುದನ್ನು ಈಗ ಏನು ಮಾಡಲಿ ಎಂದು ಕೇಳಿದರು.

"ಅದರ ಕೆಳಗೆ ಒಂದು ಚೀಟಿ ಅಂಟಿಸಿ. 'ಇಲ್ಲಿಯವರೆಗೆ' ಅಂತ," ಎಂದರು ಕಾದಂಬರಿಗಾರ್ತಿ. ಆಮೇಲೆ ನಮ್ಮೆಲ್ಲರ ಕಡೆ ನೋಡಿ, "ಇನ್ನು ಎಲ್ಲರೂ ಏಳಿ. ಎರಡನೇ ಅಧ್ಯಾಯಕ್ಕೆ ಒಂದೇ ವಾರ ಇದೆ, ಎರಡು ದಿನ ನೀವೇ ತಿಂದ್ರಿ," ಎಂದು ಕೋಣೆಯಿಂದ ಹೊರಗೆ ಅಟ್ಟಿ ಬಾಗಿಲು ಹಾಕಿಕೊಂಡರು.