ಜ್ವಾಲಾಮುಖಿ ನೋಡೋನಿಗೆ ಹೆಣ್ಣು ಕೊಡಲ್ಲ!

"ತೆಂಗಿನಕಾಯಿ ಅಂಗೈ ಮೇಲಿಟ್ಕೊಂಡು ನಿಧಾನಕ್ಕೆ ನಡೀರಿ. ಅದು ಎದ್ದು ನಿಂತ ಕಡೆ ಹೇಳಿ, ಬೋರ್ ಹಾಕಿಸ್ತೀವಿ!"

ಅಮೃತಹಳ್ಳಿಯ ಖಾಲಿ ಸೈಟಿನಲ್ಲಿ ನಿಂತು ಹರ್ಷಿತಾ ಒಂದೇ ಉಸಿರಿಗೆ ಅಪ್ಪಣೆ ಕೊಟ್ಟಳು. ಅಪ್ಪ ಚನ್ನಕೇಶವ ಕಟ್ಟಿಸುವ ಮನೆಗಳ ಉಸ್ತುವಾರಿಯೆಲ್ಲ ಅವಳದೇ. ಅವಳಿಗೆ ಎದುರಾಡಿ ಗೆದ್ದವರು ಆ ಬೀದಿಯಲ್ಲಿ ಯಾರೂ ಇಲ್ಲ.

ಎದುರಿಗಿದ್ದ ಯುವಕ ಕಾಯಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ನಕ್ಕುಬಿಟ್ಟ.

"ಮೇಡಂ, ನಾನು ನೀರು ನೋಡೋನಲ್ಲ. ಜ್ವಾಲಾಮುಖಿ ನೋಡೋನು."

"ಜ್ವಾಲಾಮುಖೀನಾ? ನಮ್ಮ ಸೈಟಲ್ಲಾ?!"

ಎಡವಟ್ಟು ಮೇಸ್ತ್ರಿ ಮಣಿಕಂಠನದು. ನೀರು ನೋಡೋಕೆ ಜಿಯಾಲಜಿಸ್ಟ್ ಬೇಕು ಅಂದಿದ್ದಕ್ಕೆ ತನ್ನ ಪಕ್ಕದ ಮನೆಯ ನಿರಂಜನ್‌ನನ್ನೇ ಕಳಿಸಿದ್ದ. ಯಾವುದೋ ಅಪರೂಪದ ಕಲ್ಲು ಸಿಕ್ಕಿದೆಯೇನೋ ಎಂದುಕೊಂಡು ಆ ಪುಣ್ಯಾತ್ಮ ಓಡಿ ಬಂದಿದ್ದ!

ಹರ್ಷಿತಾಳ ಮುಖ ಕೆಂಪಾಯಿತು. ಸಿಟ್ಟೋ, ನಾಚಿಕೆಯೋ... ಅವಳಿಗೇ ತಿಳಿಯಲಿಲ್ಲ. ನಮಗೆ ತಿಳಿಯಿತು, ಬಿಡಿ.

ಆಮೇಲೆ ಕಾಫಿ... ಹೆಬ್ಬಾಳ ಕೆರೆಯ ಬದಿಯಲ್ಲಿ ಸಂಜೆಯ ನಡಿಗೆ... ಅವನು ಆಫ್ರಿಕಾದ ಸೀಳುಕಣಿವೆಯ ಕಥೆ ಹೇಳಿದರೆ ಇವಳು ಅವನ ಕಣ್ಣುಗಳನ್ನೇ ನೋಡುತ್ತಿದ್ದಳು. ಅವನ ಮನೆಯವರು ಬಂದು ಹೆಣ್ಣು ಕೇಳಿದರು. ಚನ್ನಕೇಶವ ಒಪ್ಪಿದರು.

ಅಷ್ಟರಲ್ಲಿ ಸುದ್ದಿ ಬಂತು! ಇಥಿಯೋಪಿಯಾದ ಅಫಾರ್‌ನಲ್ಲಿ, ಜ್ವಾಲಾಮುಖಿಗಳ ನಡುವೆ ಸಂಶೋಧನೆ ಮಾಡಲು ನಿರಂಜನ್‌ಗೆ ಕರೆ ಬಂದಿತ್ತು. ಕಾಲೇಜಿನ ದಿನಗಳಿಂದ ಅವನು ಕಂಡ ಕನಸು ಅದು.

"ಬೆಂಕಿ ಉಗುಳೋ ಬೆಟ್ಟದ ಪಕ್ಕ ಟೆಂಟ್ ಹಾಕೋನಿಗೆ ನನ್ನ ಮಗಳನ್ನ ಕೊಡಲ್ಲ!" ಚನ್ನಕೇಶವ ಗುಡುಗಿದರು.

ಅವತ್ತಿನಿಂದ ನಿರಂಜನ್ ಫೋನ್ ಎತ್ತಲೇ ಇಲ್ಲ.

'ಹೋಗ್ಲಿ! ಆ ಬೆಂಕೀನೇ ಕಟ್ಕೊಳ್ಲಿ!' ಎಂದು ಹರ್ಷಿತಾ ದಿಂಬು ಒದ್ದೆಯಾಗುವಂತೆ ಅತ್ತಳು. ಅತ್ತು ಮುಗಿದ ಮೇಲೆ ಸ್ಕೂಟರ್ ಹತ್ತಿ ನೆಟ್ಟಗೆ ಕೆಂಪಾಪುರಕ್ಕೆ, ಅವನ ಮನೆ ಬಾಗಿಲಿಗೇ ಹೋದಳು.

"ಯಾವಾಗ ಹೊರಡ್ತೀರಾ?"

"ಹೋಗ್ತಿಲ್ಲ," ನಿರಂಜನ್ ತಲೆ ತಗ್ಗಿಸಿದ. "ಬರಲ್ಲ ಅಂತ ಇವತ್ತು ಹೇಳಿಬಿಡ್ತೀನಿ. ನನಗೆ ನೀವು ಮುಖ್ಯ ಹರ್ಷಿತಾ. ಎಲ್ಲ ಮುಗಿಸಿಯೇ ಫೋನ್ ಮಾಡೋಣ ಅಂತಿದ್ದೆ. ಮೊದಲೇ ಮಾತಾಡಿದ್ರೆ ಅಳು ಬಂದ್ಬಿಡುತ್ತೇನೋ ಅಂತ..."

ಅವಳಿಗೆ ಖುಷಿಯಾಗಬೇಕಿತ್ತು. ಆದರೆ ಮೈಯೆಲ್ಲ ಉರಿದುಹೋಯಿತು!

"ನನ್ನನ್ನ ಒಂದ್ಮಾತು ಕೇಳಿದ್ರಾ? ಟೀವೀಲಿ ಜ್ವಾಲಾಮುಖಿ ಕಂಡಾಗೆಲ್ಲ ನಿಟ್ಟುಸಿರು ಬಿಡೋ ಗಂಡ ನನಗೆ ಬೇಡ ಕಣ್ರೀ! ಹತ್ತಿ ಗಾಡಿ!"

ಹರ್ಷಿತಾಳ ಮನೆಯಲ್ಲಿ ಅಜ್ಜಿ ಸುಬ್ಬಮ್ಮ ಒಬ್ಬಟ್ಟು ತಟ್ಟುತ್ತಿದ್ದರು. ನಿರಂಜನ್‌ನನ್ನು ಕಂಡು ಚನ್ನಕೇಶವ ಮುಖ ತಿರುಗಿಸಿ ಕೂತರು.

"ಅಲ್ಲಿ ಬೆಂಕಿ ಯಾಕೆ ಬರುತ್ತೆ ಅಂತ ಅಪ್ಪನಿಗೆ ಹೇಳಿ," ಹರ್ಷಿತಾ ನಿರಂಜನ್‌ನನ್ನು ಮುಂದಕ್ಕೆ ತಳ್ಳಿದಳು.

"ಸಾರ್, ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಅಲ್ಲಿ ಅವು ಒಂದರಿಂದ ಒಂದು ದೂರ ಸರೀತಿವೆ. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಅಷ್ಟೇ..."

"ಎತ್ತು ಏರಿಗೆ, ಕೋಣ ನೀರಿಗೆ," ಚನ್ನಕೇಶವ ಗೊಣಗಿದರು.

"ಹಂಗೇ ಸಾರ್! ಎಳೆದೂ ಎಳೆದೂ ನೆಲ ತೆಳ್ಳಗಾಗುತ್ತೆ. ಮೇಲಿನ ಒತ್ತಡ ಕಮ್ಮಿಯಾದ್ರೆ ಆಳದ ಬಿಸಿ ಕಲ್ಲು ಕರಗಿ ಮೇಲೆ ಬರುತ್ತೆ."

"ಕಣಕ ಎಳ್ದು ತೆಳ್ಳಗಾದ್ ಕಡೆ ಊರಣ ಈಚೆಗೆ ಬತ್ತದಲ್ಲ, ಅಂಗೆ ಅನ್ನು!" ಎಂದರು ಅಜ್ಜಿ.

"ಅದೇ ಅಜ್ಜಿ!"

ಚನ್ನಕೇಶವ ಗಾಬರಿಯಿಂದ ನೆಲ ನೋಡಿದರು. "ನಮ್ಮ ಸೈಟ್ ಕೆಳಗೂ ಹಂಗೇನಾ?"

"ಇಲ್ಲ ಸಾರ್. ಇಲ್ಲಿನ ಬಂಡೆ ತುಂಬಾ ಹಳೇದು, ದಪ್ಪ. ಬೋರ್ ಕೊರೆಸಿರೋ ನಿಮಗೆ ಗೊತ್ತಿಲ್ವಾ?"

"ಗೊತ್ತಪ್ಪ, ಕೊರೆಯೋ ಬಿಟ್ಟೇ ಸವೆದು ಹೋಗುತ್ತೆ." ಅವರ ದನಿ ಸ್ವಲ್ಪ ಮೆತ್ತಗಾಯಿತು. "ಅಲ್ಲಿ ಅಪಾಯ ಇಲ್ವಾ?"

"ಇದೆ. ಸುಳ್ಳು ಹೇಳಲ್ಲ. ನೆಲ ಉಬ್ಬೋದು, ನಡುಗೋದು ಎಲ್ಲ ಅಳೀತಾ ಇರ್ತೀವಿ. ಅನುಮಾನ ಬಂದ್ರೆ ದೂರ ಹೋಗ್ತೀವಿ."

ಅಪ್ಪ ಮಗಳತ್ತ ನೋಡಿದರು. "ನಿನಗೆ ಭಯ ಇಲ್ವೇನಮ್ಮ?"

"ಇದೆ ಅಪ್ಪ." ಹರ್ಷಿತಾ ಅಪ್ಪನ ಪಕ್ಕ ಕೂತಳು. "ಆದ್ರೆ ಇವರ ಆಸೆ ಕಿತ್ಕೊಂಡು ತಾಳಿ ಕಟ್ಟಿಸ್ಕೊಳ್ಳೋದಕ್ಕೆ ಇನ್ನೂ ಭಯ."

ಚನ್ನಕೇಶವ ಎದ್ದು ನಿರಂಜನ್‌ನ ಹೆಗಲು ತಟ್ಟಿದರು. "ಅವಳೇ ಒಪ್ಪಿದ ಮೇಲೆ ನಂದೇನಪ್ಪ? ಒಬ್ಬಟ್ಟು ತಿನ್ಕೊಂಡು ಹೋಗು."

ಹಿತ್ತಲ ಬಾಗಿಲಲ್ಲಿ ಇಬ್ಬರೇ ಉಳಿದಾಗ ಹರ್ಷಿತಾ ಮುಖ ಊದಿಸಿಕೊಂಡಳು.

"ಅಪ್ಪನಿಗೆ ಇಡೀ ಭೂಮಿ ಬಗ್ಗೆ ಹೇಳಿದ್ರಿ. ನನಗೆ?"

ನಿರಂಜನ್ ಮೆಲ್ಲಗೆ ಅವಳ ಕೈ ಹಿಡಿದ.

"ನೀನಂದ್ರೆ ನನಗೆ ಪ್ರಾಣ ಹರ್ಷಿತಾ. ಇನ್ಮೇಲೆ ನಿನ್ನ ಕೇಳದೆ ಏನೂ ತೀರ್ಮಾನ ಮಾಡಲ್ಲ. ಈಗಲೇ ಕೇಳ್ತಿದ್ದೀನಿ... ನನ್ನ ಜೊತೆ ಬರ್ತೀಯಾ?"

"ಎಲ್ಲಿಗೆ? ಇಥಿಯೋಪಿಯಾಗಾ, ಹಸೆಮಣೆಗಾ?"

"ಮೊದಲು ಹಸೆಮಣೆಗೆ."

"ಬರ್ತೀನಿ ಕಣ್ರೀ... ಎರಡು ಕಡೆಗೂ ಬರ್ತೀನಿ!"