ಬೆನ್ನ ಹಿಂದಿನ ಪಿಸುದನಿ

ಮೂರನೆಯ ಹಾಳೆ ಓದಿ ಮುಗಿಸುವಷ್ಟರಲ್ಲಿ ಅವಳು ಒಂದು ಲೆನ್ಸ್ ಹಾಳು ಮಾಡಿದ್ದಳು. ಯಂತ್ರಕ್ಕೆ ಕೊಡುವ ಮುಂಚೆ ಗಾಜಿನ ಮೇಲೆ ಮೂರು ಚುಕ್ಕೆ ಇಡಬೇಕು, ಮೂರೂ ಒಂದೇ ಗೆರೆಯಲ್ಲಿರಬೇಕು. ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದ ಕೆಲಸ. ಇವತ್ತು ಗೆರೆ ಓರೆಯಾಯಿತು, ಅವಳಿಗೆ ಗೊತ್ತೇ ಆಗಲಿಲ್ಲ.

"ಏನಾಯ್ತೇ?" ಕೌಂಟರಿನಿಂದ ಅಕ್ಕ ಕೇಳಿದಳು.

"ಒಂದು ಹೋಯ್ತು."

"ಲೆನ್ಸಾ, ತಲೆಯಾ?"

"ಎರಡೂ."

ಕನ್ನಡಕದ ಅಂಗಡಿ ಭಾವನದು, ಕೌಂಟರು ಅಕ್ಕನದು. ಹಿಂದಿನ ಚಿಕ್ಕ ಕೋಣೆ, ಅಂಚು ಉಜ್ಜುವ ಯಂತ್ರ, ಸಾಸಿವೆ ಕಾಳಿನಷ್ಟು ಸ್ಕ್ರೂಗಳ ಡಬ್ಬಿಗಳು ಅವಳ ಪಾಲಿನವು. ಈ ವಾರ ಅಲ್ಲಿ ಹಾಳೆಗಳ ಒಂದು ಕಟ್ಟೂ ಬಂದು ಕೂತಿತ್ತು. ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಎಪ್ಪತ್ತೈದು ತುಂಬುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೂ ಒಂದೊಂದು ಹಾಳೆ ನೆನಪು ಬರೆಯುವುದು, ಎಲ್ಲವನ್ನೂ ಪುಸ್ತಕ ಮಾಡಿ ಅವರ ಕೈಗಿಡುವುದು ಎಂದು ಆರು ತಿಂಗಳ ಹಿಂದೆ ಎಲ್ಲರೂ ಸೇರಿದ್ದಾಗ ತೀರ್ಮಾನವಾಗಿತ್ತು. ಟೈಪ್ ಮಾಡುವವರು ಯಾರು ಎಂದಾಗ ನಲವತ್ತು ಜನ ಸುಮ್ಮನಾದರು. ಅವಳೊಬ್ಬಳು ಕೆಮ್ಮಿದಳು. ಕೆಲಸ ಅವಳ ತಲೆಗೆ ಬಂತು.

ಮೊದಲ ಹಾಳೆ ಈಗ ಬೇಕರಿ ಇಟ್ಟಿರುವವನದು. 'ನನ್ನ ಮುಂದೆ ಕೂರುತ್ತಿದ್ದ ಒಬ್ಬಳಿಗೆ ಬೋರ್ಡ್ ಕಾಣುತ್ತಿರಲಿಲ್ಲ. ನಾನು ಪಿಸುಗುಟ್ಟಿ ಲೆಕ್ಕ ಓದಿ ಹೇಳುತ್ತಿದ್ದೆ. ಅವಳು ಇದನ್ನು ಓದಿದರೆ ಬೇಸರ ಮಾಡಿಕೊಳ್ಳಬಾರದು.'

ಅವಳು ನಕ್ಕಿದ್ದಳು. ಬಿಡು, ಬೇಕರಿಯವನಿಗೆ ಮೊದಲಿಂದಲೂ ಕಂಡವರ ಕತೆಯನ್ನು ತನ್ನದು ಮಾಡಿಕೊಳ್ಳುವ ಚಾಳಿ.

ಎರಡನೆಯದು ನರ್ಸ್ ಆಗಿರುವ ಗೆಳತಿಯದು. ಅದೇ ಮಾತು. ಮೂರನೆಯದು ವಕೀಲನದು. ಅದೂ ಅದೇ, ಕೊನೆಗೆ ಒಂದು ಸಾಲು ಹೆಚ್ಚು: 'ಯಾಕೆ ಓದಿ ಹೇಳುತ್ತಿದ್ದೆ ಎಂಬುದನ್ನು ಮಾತ್ರ ಬರೆಯಲಾರೆ. ಮೇಷ್ಟ್ರಿಗೆ ಮಾತು ಕೊಟ್ಟಿದ್ದೇನೆ.'

ಆ ಸಾಲಿನ ಹತ್ತಿರವೇ ಲೆನ್ಸ್ ಹಾಳಾದದ್ದು.

ಯಾಕೆಂದರೆ ಆ ಒಬ್ಬಳು ಅವಳೇ, ಆ ಪಿಸುದನಿ ಅದೇ ಕ್ಲಾಸಿನ ಲೇಟಪ್ಪನದು. ಅದನ್ನು ನಂಬಿಯೇ ಅವಳು ಇಪ್ಪತ್ತು ವರ್ಷ ಕಳೆದಿದ್ದಳು. ಅದನ್ನು ನಂಬಿಯೇ ನಾಳಿದ್ದು ಭಾನುವಾರ ಅವನಿಗೆ 'ಹೂಂ' ಅನ್ನುವವಳಿದ್ದಳು.

*

ಹತ್ತನೇ ಕ್ಲಾಸಿನಲ್ಲಿ ಅವಳಿಗೆ ಮೊದಲ ಬೆಂಚಿನಿಂದಲೂ ಬೋರ್ಡ್ ಎಂದರೆ ಬಿಳಿ ಹೊಗೆ. ಮೇಷ್ಟ್ರ ಅಕ್ಷರವೋ, ಇರುವೆ ಸಾಲು. ಅವಳು ಕತ್ತು ಚಾಚಿ ಚಾಚಿ ನೋಡುತ್ತಿದ್ದುದಕ್ಕೆ ಕ್ಲಾಸು ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟಿತ್ತು. ಮನೆಯಲ್ಲಿ ಅಮ್ಮನದು ಒಂದೇ ಹಟ: "ಈ ವಯಸ್ಸಿಗೇ ಕನ್ನಡಕ ಏರಿಸಿದ್ರೆ ನಾಳೆ ಯಾವನು ಒಪ್ತಾನೆ?"

ಆಗಲೇ ಬೆನ್ನ ಹಿಂದಿನಿಂದ ಆ ದನಿ ಬಂದದ್ದು. 'ಎಕ್ಸ್ ಸ್ಕ್ವೇರ್ ಪ್ಲಸ್ ಐದು ಎಕ್ಸ್.' ಅಷ್ಟೇ. ಗಂಡೋ ಹೆಣ್ಣೋ ಗೊತ್ತಾಗದಷ್ಟು ಸಣ್ಣಗೆ. ಪಿಸುಮಾತಿಗೆ ಮುಖ ಇರುವುದಿಲ್ಲವಲ್ಲ. ಹಿಂದೆ ತಿರುಗಿದವರ ಮೇಲೆ ಮೇಷ್ಟ್ರು ಚಾಕ್ ತುಂಡು ಎಸೆಯುತ್ತಿದ್ದರಿಂದ ಅವಳು ಒಮ್ಮೆಯೂ ತಿರುಗಲಿಲ್ಲ.

ಒಂದು ದಿನ ಚಾಕ್ ಅವಳ ಕಿವಿಯ ಪಕ್ಕದಲ್ಲೇ ಹಾರಿ ಹಿಂದಿನವನಿಗೆ ತಗುಲಿತು. "ಎದ್ದು ಹೊರಗೆ ನಡಿ." ಹೊರಗೆ ಹೋಗಿ ನಿಂತವನು ದಿನಾ ತಡವಾಗಿ ಬರುತ್ತಿದ್ದ ಲೇಟಪ್ಪ. ಕಿಟಕಿಯಾಚೆ ಮಬ್ಬು ಮಬ್ಬಾಗಿ ಒಂದು ಉದ್ದನೆಯ ಆಕಾರ. ನನಗೆ ಓದಿ ಹೇಳಿ ಇವನು ಶಿಕ್ಷೆ ತಿಂದ, ಎಂದುಕೊಂಡಳು. ಅಲ್ಲಿಗೆ ಮುಗಿಯಿತು.

ಎರಡನೆಯ ಬೆಂಚಿನವರು ಪ್ರತಿ ಸೋಮವಾರ ಬದಲಾಗುತ್ತಿದ್ದುದು ಅವಳಿಗೂ ಗೊತ್ತಿತ್ತು. ಅವನು ಹೇಗಾದರೂ ಮಾಡಿ ನನ್ನ ಹಿಂದಿನ ಜಾಗ ಗಿಟ್ಟಿಸುತ್ತಾನೆ ಎಂದು ಅವಳೇ ಉತ್ತರ ಕಟ್ಟಿಕೊಂಡಿದ್ದಳು. ಹದಿನೈದರಲ್ಲಿ ಇಂಥ ನಂಬಿಕೆಗೆ ಸಾಕ್ಷಿ ಬೇಕಾಗುವುದಿಲ್ಲ. ಮೂವತ್ತೈದರಲ್ಲಾದರೂ ಬೇಕಿತ್ತು, ಎಂದು ಈಗ ಅನಿಸುತ್ತಿತ್ತು.

ಆರು ತಿಂಗಳ ಹಿಂದೆ ಎಲ್ಲರೂ ಸೇರಿದ ದಿನ ಅವಳೇ ಅವನ ಹತ್ತಿರ ಹೋಗಿದ್ದಳು. ಅವನೀಗ ಲಿಫ್ಟ್ ಮೆಕ್ಯಾನಿಕ್.

"ನಿನಗೊಂದು ಥ್ಯಾಂಕ್ಸ್ ಬಾಕಿ ಇದೆ. ಬೋರ್ಡ್ ಓದಿ ಹೇಳ್ತಿದ್ದೆಯಲ್ಲ, ಅದಕ್ಕೆ."

ಅವನು ಅವಳ ಮುಖವನ್ನೇ ನೋಡಿದ್ದ. ಆಮೇಲೆ ಕೈಲಿದ್ದ ಕಾಫಿ ನೋಡಿದ್ದ. "ಅದೆಲ್ಲ ಏನ್ ಮಹಾ ಬಿಡು," ಎಂದಿದ್ದ.

ಮರುವಾರ ಅಂಗಡಿಗೆ ಬಂದ. ಕನ್ನಡಕದ ಕಾಲು ಸಡಿಲವಾಗಿದೆಯಂತೆ. ಹದಿನೈದು ದಿನಕ್ಕೆ ಮತ್ತೆ ಬಂದ. ಮತ್ತೆ ಅದೇ ಕಾಲು.

"ಸ್ಕ್ರೂ ತಾನಾಗೇ ಸಡಿಲ ಆಗಿಲ್ಲ. ಸ್ಕ್ರೂಡ್ರೈವರ್ ಗುರುತು ಇದೆ," ಎಂದು ಅವಳು ಕಣ್ಣಿಗೆ ಭೂತಗಾಜು ಇಟ್ಟು ನೋಡಿ ಹೇಳಿದಳು.

"ಯಾರೋ ಆಗದವರು ಮಾಡಿರಬೇಕು."

ಕೌಂಟರಿನಲ್ಲಿ ಅಕ್ಕ ಸೀರೆ ಸೆರಗು ಬಾಯಿಗಿಟ್ಟುಕೊಂಡಳು.

ಹೋದ ವಾರ ಹೊಸ ಕನ್ನಡಕಕ್ಕೆ ಅಳತೆ. ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯಬೇಕೆಂದರೆ ಎದುರು ಬದುರು ಕೂತು, ಅವನ ಮೂಗಿನ ಮೇಲೆ ಸ್ಕೇಲ್ ಹಿಡಿದು, ಅವನ ಕಣ್ಣನ್ನೇ ನೋಡಬೇಕು. ದಿನಕ್ಕೆ ಹತ್ತು ಜನರ ಕಣ್ಣು ನೋಡುತ್ತಾಳೆ. ಕಣ್ಣೆಂದರೆ ಅವಳಿಗೆ ಮಿಲಿಮೀಟರು.

"ನನ್ನ ಎಡಗಣ್ಣು ನೋಡು."

"ನೋಡಿದೆ."

"ಈಗ ಬಲಗಣ್ಣು."

"ಅದನ್ನೂ ನೋಡಿದೆ. ಎರಡೂ ಚೆನ್ನಾಗಿವೆ."

"ಮಾತಾಡ್ಬೇಡ, ಸ್ಕೇಲ್ ಅಲ್ಲಾಡುತ್ತೆ."

"ಅಲ್ಲಾಡ್ತಿರೋದು ನಿನ್ನ ಕೈ, ಕೊಕ್ಕರೆ." ಆಮೇಲೆ ಅದೇ ಉಸಿರಿನಲ್ಲಿ, "ನನ್ನ ಮದುವೆ ಆಗ್ತೀಯಾ?"

ಅಳತೆ ಅರವತ್ತಮೂರೋ ಅರವತ್ತೈದೋ ಅವಳಿಗೆ ಮರೆತೇ ಹೋಯಿತು. "ಮುಂದಿನ ಭಾನುವಾರ ಹೇಳ್ತೀನಿ," ಎಂದಳು.

*

ಶನಿವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದಳು. ಅವರ ಕನ್ನಡಕದ ಮೂಗಿನ ಪ್ಯಾಡ್ ಬದಲಿಸುವುದಿತ್ತು. ನೆಪಕ್ಕೆ ಅಷ್ಟು ಸಾಕು.

ಮೇಷ್ಟ್ರು ಕನ್ನಡಕ ಅವಳ ಕೈಗೆ ಕೊಟ್ಟು, ಬರಿಗಣ್ಣಲ್ಲಿ ಗೋಡೆ ಕಡೆ ಮುಖ ಮಾಡಿ ಕೂತರು. "ಪುಸ್ತಕ ಅದೂ ಇದೂ ಅಂತ ಏನೋ ಮಾಡ್ತಿದೀರಂತೆ. ನನಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದೀರ. ಆಗಲಿ, ನಾನೂ ಗೊತ್ತಿಲ್ಲದ ಹಾಗೇ ಇರ್ತೀನಿ."

"ಸರ್, ಒಂದು ಕೇಳ್ಲಾ?"

"ಕೇಳಮ್ಮ."

"ನನ್ನ ಹಿಂದೆ ಕೂತು ಬೋರ್ಡ್ ಓದಿ ಹೇಳ್ತಿದ್ದವರು ಯಾರು?"

ಮೇಷ್ಟ್ರು ಗೋಡೆ ಬಿಟ್ಟು ಅವಳ ಕಡೆ ತಿರುಗಿದರು. "ಯಾರು ಬಾಯಿ ಬಿಟ್ಟರು?"

"ಮೂರು ಜನ. ಬಿಟ್ಟೂ ಬಿಡದ ಹಾಗೆ."

"ಮೂರೇ? ಉಳಿದವರು ವಾಸಿ." ಅವರು ನಕ್ಕರು. "ನಿಮ್ಮಮ್ಮನ ಹತ್ತಿರ ಎರಡು ಸಲ ಮಾತಾಡಿದೆ. ಒಪ್ಪಲಿಲ್ಲ. ಮೊದಲ ಬೆಂಚಲ್ಲಿ ಕೂರಿಸಿದೆ, ಅಲ್ಲೂ ನೀನು ಕತ್ತು ಚಾಚ್ತಿದ್ದೆ. ಆಮೇಲೆ ಪ್ರತಿ ಸೋಮವಾರ ನಿನ್ನ ಹಿಂದೆ ಯಾರು ಬರ್ತಾರೋ ಅವರನ್ನ ಸ್ಟಾಫ್ ರೂಮಿಗೆ ಕರೆದು ಹೇಳ್ತಿದ್ದೆ. ಈ ವಾರ ನೀನು ಓದು, ಯಾರಿಗೂ ಹೇಳ್ಬೇಡ, ಅವಳಿಗೂ ತಿಳೀಬಾರದು ಅಂತ. ಒಬ್ಬೊಬ್ಬರೂ ತಾವೊಬ್ಬರೇ ಅಂದ್ಕೊಂಡಿದ್ರು. ಅದಕ್ಕೇ ಚೆನ್ನಾಗಿ ಮಾಡಿದ್ರು. ಸರದಿ ಅಂತ ಗೊತ್ತಿದ್ರೆ ಹತ್ತು ದಿನಕ್ಕೆ ಬೇಜಾರಾಗ್ತಿತ್ತು."

"ತಿರುಗಿದ್ರೆ ಚಾಕ್ ಎಸೀತಿದ್ದದ್ದು…"

"ನೀನು ತಿರುಗಿದ್ರೆ ಗುಟ್ಟು ಉಳೀತಿತ್ತಾ?"

ಹೊಸ ಪ್ಯಾಡ್ ಕೂರಿಸುವುದಕ್ಕೆ ಅವಳಿಗೆ ಮೂರು ಸಲ ಬೇಕಾಯಿತು. ಕೇಳಬಾರದು ಎಂದುಕೊಂಡಿದ್ದನ್ನು ಕೇಳಿದಳು. "ಲೇಟಪ್ಪ ಎಷ್ಟು ವಾರ ಓದಿದ, ಸರ್?"

"ಅವನಾ? ಅವನಿಗೆ ನಾನು ಹೇಳ್ಲೇ ಇಲ್ಲ. ಅವನು ಎಂಟನ್ನ ಮೂರು ಅಂತ ಓದೋನು. ಅವನ ಕೈಗೆ ಬಿಟ್ಟಿದ್ರೆ ನೀನು ಫೇಲಾಗ್ತಿದ್ದೆ. ಅವನ ವಾರ ಬಂದಾಗ ನಾನೇ ಜೋರಾಗಿ ಓದ್ತಾ ಬರೀತಿದ್ದೆ."

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಅವಳನ್ನು ನೋಡಿದರು. "ಯಾಕಮ್ಮ, ಮುಖ ಹಾಗಾಯ್ತು?"

"ಏನಿಲ್ಲ ಸರ್. ಮೂಗಿನ ಮೇಲೆ ಸರಿ ಕೂತಿದೆಯಾ ನೋಡಿ."

*

ರಸ್ತೆಯಲ್ಲಿ ನಡೆಯುತ್ತಾ ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಹಾಗಾದರೆ ತಾನು ಪ್ರೀತಿಸಿದ್ದು ಯಾರನ್ನು? ಬೇಕರಿಯವನನ್ನೇ? ನರ್ಸನ್ನೇ? ವಕೀಲನನ್ನೇ, ದೇವರೇ? ಇಡೀ ಕ್ಲಾಸು ಸೇರಿ ಮಾಡಿದ ಒಳ್ಳೆಯತನವನ್ನೆಲ್ಲ ಗಂಟು ಕಟ್ಟಿ ಒಬ್ಬನ ತಲೆಗೆ ಹೊರಿಸಿದ್ದಳು. ಆ ಒಬ್ಬನನ್ನಾದರೂ ಎಂಥವನನ್ನು ಆರಿಸಿದ್ದಳು! ಓದದೇ ಇದ್ದವನು ಅವನೊಬ್ಬನೇ. ಹೋಗಲಿ, ಅವನಿಗದು ಗೊತ್ತಿತ್ತಲ್ಲ. ಆರು ತಿಂಗಳು ಹೂಂಗುಟ್ಟಿಕೊಂಡು ಕೂತಿದ್ದನಲ್ಲ.

ಅವನು ಆ ದಿನ ಐದು ಮಹಡಿಯ ಒಂದು ಆಫೀಸು ಕಟ್ಟಡದಲ್ಲಿದ್ದ. 'ಲಿಫ್ಟ್ ಕೆಟ್ಟಿದೆ' ಎಂಬ ಬೋರ್ಡ್ ನೋಡಿ ಅವಳು ಮೆಟ್ಟಿಲು ಹತ್ತಿದಳು. ಮೂರನೆಯ ಮಹಡಿಯಲ್ಲಿ ಅವನು ಲಿಫ್ಟಿನ ಬಾಗಿಲ ಮುಂದೆ ಮಂಡಿಯೂರಿ, ಬಾಗಿಲು ಜಾರುವ ಕಂಬಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ಅವಳನ್ನು ನೋಡಿ ಮುಖ ಅರಳಿತು. ಅವಳ ಮುಖ ನೋಡಿದ ಮೇಲೆ ಅರಳಿದ್ದು ಹಾಗೇ ನಿಂತಿತು.

"ಮೇಷ್ಟ್ರ ಮನೆಗೆ ಹೋಗಿದ್ದೆ," ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಕೈಲಿದ್ದ ಬಟ್ಟೆಯಿಂದ ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಆಮೇಲೆ ಅದನ್ನು ಕೆಳಗಿಟ್ಟ.

"ನಾನಲ್ಲ," ಎಂದ.

"ಗೊತ್ತಾಯ್ತು."

"ಒಂದು ಅಕ್ಷರಾನೂ ಓದಿ ಹೇಳಿಲ್ಲ."

"ಅದೂ ಗೊತ್ತಾಯ್ತು. ಹಾಗಾದ್ರೆ ಅವತ್ತು ಚಾಕ್ ಯಾಕೆ ಬಿತ್ತು?"

ಅವನು ಕುತ್ತಿಗೆ ಕೆರೆದುಕೊಂಡ. ಅಲ್ಲೆಲ್ಲ ಗ್ರೀಸ್ ಹತ್ತಿತು. "ನಿನ್ನ ನೋಟ್‌ಬುಕ್ ನೋಡ್ಕೊಂಡು ಬರ್ಕೊಳ್ತಿದ್ದೆ. ನೀನು ಬರೆಯೋವಾಗ ಕೈ ಅಡ್ಡ ಇಡ್ತಿದ್ದೆ. ಕಾಣಲಿಲ್ಲ ಅಂತ ಮುಂದೆ ಬಗ್ಗಿದೆ. ಸಿಕ್ಕಿಬಿದ್ದೆ."

ಅವಳು ಮೆಟ್ಟಿಲ ಮೇಲೆ ಕೂತಳು. "ನನ್ನದನ್ನ ನೋಡಿ? ಕಣ್ಣು ಕಾಣದವಳದ್ದನ್ನ?"

"ನಿನ್ನದು ಯಾವಾಗಲೂ ಸರಿ ಇರ್ತಿತ್ತು. ಹೇಗೆ ಅಂತ ನನಗೇನು ಗೊತ್ತು?"

ನಗು ಬಂತು. ಬರಬಾರದಿತ್ತು, ಕೋಪ ಇನ್ನೂ ಹಾಗೇ ಇತ್ತು. "ಆರು ತಿಂಗಳು ಸುಮ್ಮನಿದ್ದೆಯಲ್ಲ."

"ಅವತ್ತು ಥ್ಯಾಂಕ್ಸ್ ಅಂದಾಗ ನೀನು ನನ್ನನ್ನ ನೋಡಿದ ಹಾಗೆ ಅದುವರೆಗೂ ಯಾರೂ ನೋಡಿರಲಿಲ್ಲ. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಇವತ್ತು ಹೇಳ್ತೀನಿ, ಇವತ್ತು ಹೇಳ್ತೀನಿ ಅಂತ್ಲೇ ಸ್ಕ್ರೂ ಸಡಿಲ ಮಾಡ್ಕೊಂಡು ಬರ್ತಿದ್ದೆ. ಬಂದ್ರೆ ನೀನು ಏನಾದ್ರೂ ಅಂದು ನಗಿಸ್ತಿದ್ದೆ. ವಾಪಸ್ ಹೋಗ್ತಿದ್ದೆ."

"ಮದುವೆ ಆಗ್ತೀಯಾ ಅಂತ ಕೇಳೋಕೆ ಮಾತ್ರ ಬಾಯಿ ಬಂತು."

"ಅದು ತಪ್ಪಿ ಬಂತು. ನೀನು ಅಷ್ಟು ಹತ್ತಿರ ಕೂತಿದ್ದೆ." ಅವನು ತಲೆ ತಗ್ಗಿಸಿದ. "ಬೇಡ ಅಂದ್ರೆ ನಾನು ಬೇಜಾರು ಮಾಡ್ಕೊಳ್ಳಲ್ಲ ಅಂತ ಹೇಳಲ್ಲ. ಮಾಡ್ಕೊಳ್ತೀನಿ. ಆದ್ರೆ ನಿನ್ನ ತಪ್ಪು ಅನ್ನಲ್ಲ."

ಅವಳು ಕಣ್ಣು ಮುಚ್ಚಿ ಆ ಪಿಸುದನಿಯನ್ನು ನೆನಪಿಸಿಕೊಳ್ಳಲು ನೋಡಿದಳು. ಇಪ್ಪತ್ತು ವರ್ಷ ಬೇಕೆಂದಾಗೆಲ್ಲ ಬರುತ್ತಿದ್ದ ದನಿ. ಬರಲಿಲ್ಲ. ಬದಲಿಗೆ, 'ಯಾರೋ ಆಗದವರು ಮಾಡಿರಬೇಕು' ಎಂದವನ ದನಿ ಬಂತು. ಎಡಗಣ್ಣು, ಬಲಗಣ್ಣು, ಎರಡೂ ಚೆನ್ನಾಗಿವೆ ಎಂದ ದನಿ. ಅದಕ್ಕೆ ಮುಖವಿತ್ತು. ಆ ಮುಖದ ಮೇಲೆ ಈಗ ಗ್ರೀಸೂ ಇತ್ತು.

ಇದು ಕ್ಷಮೆಯೇ, ಹುಚ್ಚೇ, ಅಥವಾ ಮೂವತ್ತೈದು ದಾಟಿದವಳ ಆತುರವೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಅವಳ ಹತ್ತಿರ ಕಾರಣವಿತ್ತು, ಮನುಷ್ಯನಿರಲಿಲ್ಲ. ಈಗ ಮನುಷ್ಯ ಎದುರಿಗಿದ್ದ, ಕಾರಣ ಹೋಗಿತ್ತು. ಎದ್ದು ಮೆಟ್ಟಿಲು ಇಳಿದರೆ ಏನೂ ಉಳಿಯುವುದಿಲ್ಲ ಎಂಬುದೊಂದು ಮಾತ್ರ ಸ್ಪಷ್ಟವಿತ್ತು. ಇಳಿಯಲು ಕಾಲು ಏಳಲಿಲ್ಲ.

"ನಾಳೆ ಭಾನುವಾರ," ಎಂದಳು.

"ಗೊತ್ತು."

"ಇವತ್ತೇ ಹೇಳಿಬಿಡ್ತೀನಿ. ನಾಳೆ ತನಕ ಯೋಚನೆ ಮಾಡಿದ್ರೆ ಬೇಡ ಅನ್ನೋಕೆ ಒಳ್ಳೊಳ್ಳೆ ಕಾರಣ ಸಿಕ್ಕಿಬಿಡುತ್ತೆ."

ಅವನು ಕೆಳಗಿಟ್ಟಿದ್ದ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡ.

"ಹೂಂ," ಎಂದಳು.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ಬಿಡಿಸಿ ಹೇಳು ಅಂದ್ರೆ ನನಗೇ ಗೊತ್ತಿಲ್ಲ. ಕೋಪಾನೂ ಹೋಗಿಲ್ಲ. ಎರಡು ವಾರ ಸರಿಯಾಗಿ ಮಾತಾಡಲ್ಲ, ಈಗಲೇ ಹೇಳಿರ್ತೀನಿ."

"ಎರಡೇ ವಾರಾನಾ?"

"ಜಾಸ್ತಿ ಬೇಕಾ?"

"ಬೇಡ ಬೇಡ."

ಅವನು ಎದ್ದು ಅವಳನ್ನು ಎಬ್ಬಿಸಲು ಕೈ ಚಾಚಿದ. ಅಂಗೈ ಕಪ್ಪಗಿರುವುದು ಕಂಡು, ನಾಚಿ ಹಿಂದೆ ಎಳೆದುಕೊಳ್ಳಹೋದ. ಅವಳು ಬಿಡಲಿಲ್ಲ. ಗ್ರೀಸ್ ಹತ್ತದ ಜಾಗ ಎಲ್ಲಿದೆ ಎಂದು ಹುಡುಕಿ, ಮೊಣಕೈಯ ಹತ್ತಿರ ಗಟ್ಟಿಯಾಗಿ ಹಿಡಿದು ಎದ್ದಳು.